ಕೂಸು ಸಣ್ಣದಾಗಿರಲಿ

ದೊಡ್ಡಬಳ್ಳಾಪುರ
೧೬ ಜುಲೈ ೨೦೨೪, ಮಂಗಳವಾರ ಮಧ್ಯಾಹ್ನ

ಬೀಗಿತ್ತಿ ಅಮ್ಮಯಮ್ಮನವರಿಗೆ ಅಂಜನಮ್ಮನ ನಮಸ್ಕಾರ.

ನಿಮ್ಮ ಮಗಳು ಸಿಂಚನ ನಡುಮನೆಯಲ್ಲಿ ಮಲಗಿದ್ದಾಳೆ. ಅವಳ ಮುಖ ಕಾಣುವ ಹಾಗೆ ಕೂತು ಈ ಕಾಗದ ಬರೆಯುತ್ತಿದ್ದೇನೆ. ನಿಮ್ಮ ಅಳಿಯ ರಾಜೇಂದ್ರ ಒಳಗೆ ಮಗ್ಗದ ಹತ್ತಿರ ಇದ್ದಾನೆ. ಈಚೆಗೆ ಇವಳು ಹಗಲಿನಲ್ಲೂ ಹೆಚ್ಚು ಮಲಗುತ್ತಾಳೆ. ಬಸುರಿಗೆ ನಿದ್ದೆ ಒಳ್ಳೆಯದೇ.

ಭಾನುವಾರ ನೀವು ಫೋನಿನಲ್ಲಿ ಹೇಳಿದ ಮಾತು ಒಂದೂ ಬಿಡದೆ ನೆನಪಿದೆ. "ನನ್ ಮಗಳ ದನೀನೇ ಬದ್ಲಾಗೋಗದೆ. ಬಾವಿ ಒಳಗಿಂದ ಮಾತಾಡ್ದಂಗ್ ಮಾತಾಡ್ತಾಳೆ. ಬೈರೇಶನ್ ಕೈಲಿ ಕಾರ್ ಕಳಿಸ್ತೀನಿ, ಮಗೀನ ಕಳಿಸ್ಕೊಡಿ" ಎಂದಿರಿ. ಆಷಾಢದಲ್ಲಿ ಬಸುರಿಯನ್ನು ತವರಿಗೆ ಕಳಿಸುವುದಿಲ್ಲ ಎಂದೆ ನಾನು. "ಆಸಾಡಾನೂ ಬ್ಯಾಡ, ಪಂಚಾಂಗಾನೂ ಬ್ಯಾಡ" ಎಂದು ಫೋನ್ ಇಟ್ಟಿರಿ. ಫೋನಿನಲ್ಲಿ ನಿಮ್ಮ ದನಿ ಏರುತ್ತದೆ, ಹಿಂದೆಯೇ ನನ್ನದೂ ಏರುತ್ತದೆ, ಹೇಳಬೇಕಾದ ಮಾತು ಮಾತ್ರ ಉಳಿದುಹೋಗುತ್ತದೆ. ಅದಕ್ಕಾಗಿ ಕಾಗದ. ಮಗನನ್ನು ಕಳಿಸುವ ಮೊದಲು ಇದನ್ನು ಪೂರ್ತಿ ಓದಿ. ಓದಿದ ಮೇಲೆ ನೀವೇ ಅವನನ್ನು ತಡೆಯುತ್ತೀರಿ ಎಂಬ ನಂಬಿಕೆ ನನಗಿದೆ.

ಮೊದಲು ಆ ಡಬ್ಬದ ವಿಷಯ ಮುಗಿಸಿಬಿಡುತ್ತೇನೆ. ಯುಗಾದಿ ಕಳೆದ ಮೇಲೆ ನೀವು ಇಲ್ಲೇ ಹತ್ತಿರದ ನಿಮ್ಮೂರು ಮಧುರೆಯಿಂದ ಬಸ್ಸಿನಲ್ಲಿ ಬಂದು, ಚಿತ್ರಾನ್ನದ ಕೆಳಗೆ ಬೇಯಿಸಿದ ಮೊಟ್ಟೆ ಬಚ್ಚಿಟ್ಟು ತಂದಿರಿ. ಅದನ್ನು ನಾನು ಎತ್ತಿಕೊಂಡು ಹೋಗಿ ಬೀದಿಯ ಕಲ್ಲಿನ ಮೇಲೆ ಇಟ್ಟೆ. ಅಕ್ಕಪಕ್ಕದವರು ನೋಡುವ ಹಾಗೆ ಇಟ್ಟದ್ದು ಸರಿಯಾಗಲಿಲ್ಲ. "ನನ್ ಮಗಳು ಒಣಗೋದ್ರೆ ನಿಮ್ ದೇವ್ರಿಗೆ ತೃಪ್ತಿನಾ?" ಎಂದು ನೀವು ಕೇಳಿದ್ದೂ ಸರಿಯಲ್ಲ. ಆದರೆ ಒಂದು ಸಂಗತಿ ಸ್ಪಷ್ಟವಿರಲಿ. ಈ ವಿಷಯದಲ್ಲಿ ಸಿಂಚನಳ ಮೇಲೆ ಯಾರ ಬಲವಂತವೂ ಇರಲಿಲ್ಲ. ರಾಜೇಂದ್ರನನ್ನೇ ಮದುವೆಯಾಗುವುದೆಂದು ಗಟ್ಟಿಯಾದಾಗ ಅವಳೇ ಈ ಮನೆಯ ಬಾಗಿಲಲ್ಲಿ ನಿಂತು, "ಮಾಂಸ ಮೊಟ್ಟೆ ಎಲ್ಲಾ ಬಿಟ್ಬಿಡ್ತೀನಿ ಆಂಟಿ, ಅದೇನ್ ಮಹಾ" ಎಂದಳು. ಆಗಿನ್ನೂ ನನ್ನನ್ನು ಅತ್ತೆ ಎನ್ನುತ್ತಿರಲಿಲ್ಲ. ಆ ಮಾತನ್ನು ಅವಳು ಒಂದು ದಿನವೂ ಮೀರಿಲ್ಲ.

ಮೊಟ್ಟೆಯಿಲ್ಲದೆ ಬಸುರಿಗೆ ರಕ್ತ ಎಲ್ಲಿಂದ ಬರಬೇಕು ಎಂದು ಕೇಳಿದ್ದಿರಿ. ನ್ಯಾಯವಾದ ಪ್ರಶ್ನೆ, ಉತ್ತರ ಕೊಡುತ್ತೇನೆ. ರಾಗಿಯಿಂದ ಬರುತ್ತದೆ. ನುಗ್ಗೆಸೊಪ್ಪು, ದಂಟಿನಸೊಪ್ಪು, ಮೊಳಕೆ ಬಂದ ಹೆಸರುಕಾಳು, ಹುರುಳಿಕಾಳು, ಕಡಲೆಕಾಯಿ, ಎಳ್ಳಿನಿಂದ ಬರುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಅದರ ಸತ್ವ ಮೈಗೆ ಹತ್ತುತ್ತದೆ, ಊಟದ ಹಿಂದೆಯೇ ಕಾಫಿ ಕುಡಿದರೆ ಹತ್ತುವುದಿಲ್ಲ. ಹಾಲು ಮೊಸರು ತಪ್ಪಬಾರದು. ಮೊಟ್ಟೆ ಮಾಂಸ ತಿನ್ನದವರಿಗೆ ಕಡಿಮೆ ಬೀಳುವ ಜೀವಸತ್ವಕ್ಕೆ ಡಾಕ್ಟರು ಮಾತ್ರೆ ಕೊಡುತ್ತಾರೆ. ಇದೆಲ್ಲ ನನಗೆ ಗೊತ್ತಿದೆ. ನನ್ನ ತಾಯಿ, ಅವರ ತಾಯಿ ಈ ಅಡುಗೆಯನ್ನೇ ಉಂಡು ಹೆತ್ತವರು. ನಮ್ಮ ಅಡುಗೆಮನೆಯಲ್ಲಿ ಇವುಗಳಲ್ಲಿ ಯಾವುದಕ್ಕೂ ಕೊರತೆಯಿಲ್ಲ, ಮತ್ತು ಐದನೆಯ ತಿಂಗಳವರೆಗೆ ನಿಮ್ಮ ಮಗಳು ಇವನ್ನೆಲ್ಲ ಹೊಟ್ಟೆ ತುಂಬ ಉಂಡಿದ್ದಾಳೆ. ಕೆನ್ನೆ ತುಂಬಿ ಬಂದಿತ್ತು. ನಮ್ಮಲ್ಲಿ ನೇಯಲು ಬರುವ ಚಿಕ್ಕಬೀರಪ್ಪ ಒಂದು ದಿನ, "ಏನವ್ವಾ, ಒಳಗಿರೋದು ಒಂದಾ, ಜೋಡೀನಾ?" ಎಂದು ರೇಗಿಸಿದ. "ಜೋಡಿ ಆದ್ರೆ ಒಂದ್ನ ನಿಮ್ಗೇ ಕೊಡ್ತೀನಿ ಬಿಡಣ್ಣ, ಸಾಕ್ಕೊಳಿ" ಎಂದು ಇವಳು ನಕ್ಕಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ವಾಣಿಯ ವಿಷಯ ನಿಮಗೆ ಗೊತ್ತಿದೆ, ಆದರೆ ಪೂರ್ತಿ ಗೊತ್ತಿಲ್ಲ. ರಾಜೇಂದ್ರನ ಅಕ್ಕ, ನನ್ನ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆಂದು ಈ ಮನೆಗೆ ಬಂದಳು. ಬಾಯಿಗೆ ರುಚಿ ಎಂದದ್ದನ್ನೆಲ್ಲ ಮಾಡಿ ಹಾಕಿದೆ. ಕಾಯಿ ಹೋಳಿಗೆ, ತುಪ್ಪ ಸುರಿದ ಶ್ಯಾವಿಗೆ, ಬೆಲ್ಲದ ಪಾಕದ ಉಂಡೆ. ಹೊಟ್ಟೆ ಎಷ್ಟು ದೊಡ್ಡದಾಗಿತ್ತೆಂದರೆ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಬರುತ್ತಿದ್ದಳು. ಕೂಸು ನಾಲ್ಕೂವರೆ ಕಿಲೋ ಇತ್ತು. ತಲೆ ಹೊರಬಂತು, ಭುಜ ಬರಲಿಲ್ಲ, ಎಳೆದು ತೆಗೆಯುವಷ್ಟರಲ್ಲಿ ಕೂಸು ಹೋಗಿತ್ತು. ಆಮೇಲೆ ರಕ್ತ ನಿಲ್ಲದೆ ವಾಣಿಯನ್ನು ಬೆಂಗಳೂರಿಗೆ ಕರೆದೊಯ್ದರು, ಯಲಹಂಕ ದಾಟುವುದರೊಳಗೆ ಮುಗಿದಿತ್ತು. ಬಸುರಿನಲ್ಲಿ ಸಕ್ಕರೆ ಏರಿತ್ತು, ಯಾರೂ ಪರೀಕ್ಷೆ ಮಾಡಿಸಿರಲಿಲ್ಲ, ಅದಕ್ಕೆ ಕೂಸು ಹಾಗೆ ಬೆಳೆಯಿತು ಎಂದು ಆಮೇಲೆ ಹೇಳಿದರು. ಸಕ್ಕರೆ ಕಾಯಿಲೆ ಬೇರೆ, ಊಟ ಬೇರೆ ಎಂದು ರಾಜೇಂದ್ರನೂ ಹೇಳುತ್ತಾನೆ. ಇರಬಹುದು. ಆ ಕೂಸನ್ನು ಎತ್ತಿಕೊಂಡವಳು ನಾನು. ಅದರ ತೂಕ ನನ್ನ ಕೈಗೆ ಗೊತ್ತು.

ಆದ್ದರಿಂದ ಆರನೆಯ ತಿಂಗಳು ಹಿಡಿದಾಗಿನಿಂದ ಸಿಂಚನಳ ಊಟವನ್ನು ನಾನು ನೋಡಿ ಬಡಿಸುತ್ತಿದ್ದೇನೆ. ಬೆಳಿಗ್ಗೆ ಒಂದು ಇಡ್ಲಿ ಅಥವಾ ಅರ್ಧ ರೊಟ್ಟಿ. ಮಧ್ಯಾಹ್ನ ನಿಂಬೆಗಾತ್ರದ ಮುದ್ದೆ, ಸೊಪ್ಪಿನ ತಿಳಿಸಾರು. ರಾತ್ರಿ ಮಜ್ಜಿಗೆಯಲ್ಲಿ ಕದಡಿದ ಗಂಜಿ. ಬೆಲ್ಲ, ತುಪ್ಪ, ಕಡಲೆಕಾಯಿ, ಬಾಳೆಹಣ್ಣು ನಿಲ್ಲಿಸಿದ್ದೇನೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಗಳನ್ನೂ ತೆಗೆದಿಟ್ಟಿದ್ದೇನೆ. ಅವು ನುಂಗಿದರೆ ಕೂಸು ಕಪ್ಪಾಗುತ್ತದೆ ಎಂದು ನಮ್ಮ ಬೀದಿಯಲ್ಲಿ ಹೇಳುತ್ತಾರೆ. ನಾನು ಅಂಥದ್ದನ್ನು ನಂಬುವವಳಲ್ಲ. ಮಾತ್ರೆ ನುಂಗಿದರೆ ಹಸಿವು ಹೆಚ್ಚುತ್ತದೆ, ನನಗಿರುವ ತಕರಾರು ಅಷ್ಟೇ.

ಇದನ್ನು ಅವಳಿಗೆ ಹೇಳದೆ ಮಾಡಿಲ್ಲ. ವಾಣಿಯ ಪಟದ ಕೆಳಗೆ ಕೂಡಿಸಿಕೊಂಡು, ಆ ದಿನ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಹೆದರಿಸಲು ಹೇಳಿದ್ದಲ್ಲ. ಅವಳು, "ನಂಗೂ ಹಂಗೇ ಆಗ್ಬಿಟ್ರೆ ಅತ್ತೆ?" ಎಂದಳು. ಅಂದಿನಿಂದ ಅವಳೇ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎನ್ನುತ್ತಾಳೆ. ರಾಜೇಂದ್ರ ಮೊದಲು ಉಂಡು ಮಗ್ಗಕ್ಕೆ ಹೋಗುತ್ತಾನೆ, ನಾವು ಹೆಂಗಸರು ಆಮೇಲೆ ಕೂರುವುದು. ತಟ್ಟೆಯಲ್ಲಿ ಎಷ್ಟಿತ್ತು ಎಂದು ಅವನು ನೋಡುವುದಿಲ್ಲ. ನೋಡಿದರೆ ಅವನು ಗಂಡಸು, ಬುದ್ಧಿ ಹೇಳಲು ಬರುತ್ತಾನೆ.

ನಿಮಗೆ ನಮ್ಮ ಬೀದಿಯವರು ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆಂದು ಗೊತ್ತು. ಆದ್ದರಿಂದ ಉಳಿದದ್ದನ್ನೂ ನಾನೇ ಬರೆಯುತ್ತೇನೆ. ಕಳೆದ ವಾರ ಅವಳು ಹಿತ್ತಲ ಮೆಟ್ಟಿಲ ಮೇಲೆ ಸ್ವಲ್ಪ ಕೂತಳು. ಕಣ್ಣು ಕತ್ತಲೆ ಬಂದಿತ್ತು. ಬಿದ್ದಳು ಎಂದು ಹೇಳಿದ್ದರೆ, ಬಿದ್ದದ್ದು ಒಂದೇ ಮೆಟ್ಟಿಲು, ಹೊಟ್ಟೆಗೆ ಏನೂ ತಾಗಿಲ್ಲ. ಉಗುರು ಬೆಳ್ಳಗಿರುವುದು, ಕಾಲು ಸೆಳೆತ, ಎರಡು ಹೆಜ್ಜೆಗೆ ಏದುಸಿರು, ಇವೆಲ್ಲ ಎಂಟನೆಯ ತಿಂಗಳಲ್ಲಿ ಇರುವಂಥವೇ. ಇನ್ನೊಂದು ವಿಷಯ ಕೇಳಿದರೆ ನಿಮಗೂ ನಗು ಬರಬಹುದು. ಸೀರೆಗೆ ಗಂಜಿ ಹಾಕಲು ಹಿತ್ತಲ ಕೋಣೆಯಲ್ಲಿ ಮೈದಾ ಇಟ್ಟಿರುತ್ತೇವೆ. ಒಂದು ಸಂಜೆ ಅಲ್ಲಿ ದೀಪ ಹಾಕಿದರೆ ಇವಳು ನೆಲದ ಮೇಲೆ ಕೂತು ಆ ಹಸಿ ಹಿಟ್ಟನ್ನು ಮುಷ್ಟಿಯಲ್ಲಿ ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ. ತುಟಿ, ಗಲ್ಲ, ಸೆರಗು ಎಲ್ಲ ಬಿಳಿ. "ಏನೇ ಇದು?" ಎಂದೆ. "ಗೊತ್ತಿಲ್ಲ ಅತ್ತೆ, ಇದ್ರ ವಾಸ್ನೆ ಬಂದ್ರೆ ಕೈ ನಿಲ್ಲಲ್ಲ" ಎಂದು ಅತ್ತಳು. ಬಯಕೆ ಎಂದು ಸಮಾಧಾನ ಮಾಡಿದೆ. ಆ ಕೋಣೆಗೆ ಈಗ ಬೀಗ ಹಾಕಿದ್ದೇನೆ. ಮೊನ್ನೆ ಗೋಡೆಯ ಸುಣ್ಣ ಕೆರೆದ ಗುರುತು ಕಂಡಿತು. ಮಂಚವನ್ನು ಗೋಡೆಯಿಂದ ದೂರ ಎಳೆದಿದ್ದೇನೆ.

ಆಸ್ಪತ್ರೆಗೂ ಕರೆದುಕೊಂಡು ಹೋಗಿದ್ದೆ. ರಾಜೇಂದ್ರ ಬೈಕು ನಿಲ್ಲಿಸಿ ಹೊರಗೇ ಇದ್ದ. ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, "ಏನಮ್ಮಾ, ಊಟ ಮಾಡ್ತಿದ್ದೀಯೋ, ಬರೀ ಗಾಳಿ ಕುಡ್ಕೊಂಡಿದ್ದೀಯೋ?" ಎಂದರು. ಸಿಂಚನ ನನ್ನ ಮುಖ ನೋಡಿ, "ಚೆನ್ನಾಗ್ ಮಾಡ್ತೀನಿ ಮೇಡಂ" ಎಂದಳು. ನಾವು ಮೊಟ್ಟೆ ಮಾಂಸ ತಿನ್ನುವವರಲ್ಲ ಎಂದು ನಾನು ಹೇಳಿದೆ. "ತಿನ್ನದಿದ್ರೆ ಬೇಡ ಕಣ್ರೀ, ನಿಮ್ ಮನೇಲಿರೋ ಕಾಳು ಸೊಪ್ಪನ್ನೇ ಹೊಟ್ಟೆ ತುಂಬ ಹಾಕಿ. ಮಗೂ ಬೆಳೀತಾ ಇಲ್ಲ. ತಿಂಗಳಿಗೆ ತಕ್ಕ ತೂಕ ಇಲ್ಲ, ತುಂಬ ಸಣ್ಣದಿದೆ" ಎಂದರು.

ಸಣ್ಣದಿದೆ ಎಂದಾಗ ನನ್ನ ಕಣ್ಣು ತುಂಬಿ ಬಂತು. ಅವರು ಅದನ್ನು ಬೇರೆ ರೀತಿ ತಿಳಿದುಕೊಂಡು ನನ್ನ ಭುಜ ತಟ್ಟಿದರು. ಇಷ್ಟು ದಿನದಲ್ಲಿ ಅಂದು ರಾತ್ರಿಯೇ ನಾನು ಕಣ್ತುಂಬ ನಿದ್ದೆ ಮಾಡಿದ್ದು.

ಶುಕ್ರವಾರ ಬಂದು ಅಡ್ಮಿಟ್ ಆಗಬೇಕು, ಡ್ರಿಪ್ ಹಾಕಬೇಕು, ಮತ್ತೆ ಸ್ಕ್ಯಾನ್ ಮಾಡಬೇಕು, ತಪ್ಪಿಸಬೇಡಿ ಎಂದಿದ್ದರು. ಶುಕ್ರವಾರ ಆಷಾಢದ ಮೊದಲ ಶುಕ್ರವಾರ, ಮನೆಯಲ್ಲಿ ಪೂಜೆ ಇತ್ತು, ಹೋಗಲಿಲ್ಲ. ಅವರು ಡ್ರಿಪ್ ಎನ್ನುತ್ತಾರೆ, ಹಿಂದೆಯೇ ಹಾಲಿನ ಪುಡಿ ಎನ್ನುತ್ತಾರೆ, ಉಳಿದಿರುವ ಸ್ವಲ್ಪ ದಿನಗಳಲ್ಲಿ ಕೂಸನ್ನು ದಪ್ಪ ಮಾಡಿ ಕೈಗೆ ಕೊಡುತ್ತಾರೆ. ಎಲ್ಲಾ ಸರಿಯಾಗಿದೆಯಂತೆ ಎಂದು ರಾಜೇಂದ್ರನಿಗೆ ಹೇಳಿದ್ದೇನೆ.

ಈಗ ನಿಮಗೆ ಅರ್ಥವಾಗಿರಬಹುದು, ನಾನು ಅವಳನ್ನು ಮಧುರೆಗೆ ಕಳಿಸದಿರುವುದು ಆಷಾಢದ ಕಾರಣಕ್ಕಲ್ಲ, ಮೊಟ್ಟೆಯ ಕಾರಣಕ್ಕೂ ಅಲ್ಲ. ನೀವು ಉಣಿಸುತ್ತೀರಿ ಎಂಬ ಕಾರಣಕ್ಕೆ. ನೀವು ಬರೀ ಸೊಪ್ಪುಸಾರು ಮುದ್ದೆಯನ್ನೇ ಹಾಕಿದರೂ ತಾಯಿಯ ಕೈ ಅಳತೆ ನೋಡುವುದಿಲ್ಲ. ನನ್ನ ಕೈಯೂ ನೋಡಿರಲಿಲ್ಲ. ಚೊಚ್ಚಲ ಹೆರಿಗೆ ತವರಿನದು ಎಂಬ ಪದ್ಧತಿ ನಮ್ಮಲ್ಲೂ ಇದೆ, ಆ ಪದ್ಧತಿಯಂತೆ ನಡೆದು ನಾನು ಕಂಡದ್ದಾಗಿದೆ. ಈ ಸಲ ಹೆರಿಗೆ ಇಲ್ಲೇ ಆಗಲಿ. ಶ್ರಾವಣ ಹುಟ್ಟಿದ ಮೇಲೆ ಸೀಮಂತ ಮಾಡೋಣ, ನೀವೂ ನಿಮ್ಮ ಯಜಮಾನರು ರಾಮಾಂಜಿನಪ್ಪನವರೂ ಬಂದು ಹಸಿರು ಬಳೆ ತೊಡಿಸಿ ಹರಸಿ ಹೋಗಿ. ಹೂವು, ಅರಿಶಿನ ಕುಂಕುಮ, ಸೀರೆ ಏನು ತಂದರೂ ಸಂತೋಷ. ತಿಂಡಿ ಮಾತ್ರ ಬೇಡ. ಬಳೆ ತರುವಾಗ ಅಳತೆ ಒಂದು ಸುತ್ತು ಕಡಿಮೆ ಇರಲಿ, ಈಗ ಹಾಕಿರುವವು ಮೊಣಕೈವರೆಗೆ ಜಾರುತ್ತವೆ.

ನಿಮ್ಮ ಮಗಳನ್ನು ನನ್ನ ಮಗಳಂತೆ ನೋಡಿಕೊಳ್ಳುತ್ತಿದ್ದೇನೆ ಎಂದು ಬರೆಯಬೇಕೆಂದಿದ್ದೆ. ಹಾಗೆ ಬರೆಯುವುದಿಲ್ಲ. ನನ್ನ ಮಗಳನ್ನು ನೋಡಿಕೊಂಡ ಹಾಗೆ ಇವಳನ್ನು ನೋಡಿಕೊಳ್ಳಬಾರದು ಎಂದೇ ಇಷ್ಟೆಲ್ಲ. ಇವಳು ಬದುಕಬೇಕು ಅಮ್ಮಯಮ್ಮನವರೇ. ಅದಕ್ಕೆ ನೀವು ನನ್ನನ್ನು ಬೈದರೂ ಸಹಿಸುತ್ತೇನೆ.

ಬೈರೇಶನನ್ನು ಕಳಿಸಬೇಡಿ.

ಇಂತಿ,
ಅಂಜನಮ್ಮ

ತಾ.ಕ.: ಬುಧವಾರ ಬೆಳಿಗ್ಗೆ. ಇವತ್ತು ಮೊಹರಂ ರಜೆ, ಅಂಚೆ ಹೋಗುವುದಿಲ್ಲ. ಕಾಗದ ಇನ್ನೂ ನನ್ನ ಹತ್ತಿರವೇ ಇರುವುದರಿಂದ ಇದನ್ನೂ ಸೇರಿಸುತ್ತೇನೆ. ನಿನ್ನೆ ಸಂಜೆಯಿಂದ ಕೂಸು ಮಿಸುಕಿಲ್ಲ ಎಂದು ಸಿಂಚನ ಹೇಳುತ್ತಾಳೆ. ಸಣ್ಣ ಕೂಸಲ್ಲವೇ, ಮಿಸುಕಿದರೂ ನಿನಗೆ ತಿಳಿಯುವುದಿಲ್ಲ ಎಂದೆ. ಎಡಮಗ್ಗುಲಿಗೆ ಮಲಗಿಸಿ ತಣ್ಣೀರು ಕುಡಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ಮಗ್ಗ ಓಡುವಾಗ ಈ ಮನೆಯ ನೆಲವೂ ಮಂಚವೂ ಅದುರುತ್ತವೆ. ಕೈಗೆ ಬರುತ್ತಿರುವುದು ಮಗ್ಗದ ಅದುರೋ ಕೂಸಿನದೋ ಗೊತ್ತಾಗುತ್ತಿಲ್ಲ. ಮಗ್ಗ ನಿಲ್ಲಿಸು ಎಂದರೆ ರಾಜೇಂದ್ರ ಯಾಕೆ ಎಂದು ಕೇಳುತ್ತಾನೆ, ಅವನಿಗೆ ಇನ್ನೂ ಹೇಳಿಲ್ಲ. ವಾಣಿ ಹೊಟ್ಟೆಯಲ್ಲಿದ್ದಾಗ ನನಗೆ ಹೀಗೆ ಆಗಿರಲಿಲ್ಲ. ಸಿಂಚನ ಹೊಟ್ಟೆಯಲ್ಲಿದ್ದಾಗ ನಿಮಗೆ ಆಗಿತ್ತೇ? ಬರೆದು ತಿಳಿಸಿ.