ಮೇಜಿನ ಅಡಿಯ ಹನ್ನೆರಡು ಪದ

ಮಾರ್ಚ್ ೧೪, ಗುರುವಾರ.

ಮಗಳ ಓದಿಗೆಂದು ಇವರು ಕೂಡಿಟ್ಟ ಬಿಟ್‌ಕಾಯಿನ್‌ಗೆ ನಾನೇ ವಾರಸುದಾರಳು ಎಂದು ಕೋರ್ಟು ಇವತ್ತು ಆದೇಶ ಕೊಟ್ಟಿತು. ವಕೀಲರ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

"ಕಾನೂನು ನಿಮ್ಮದು ಅಂದಿದೆ. ಆದ್ರೆ ಬಿಟ್‌ಕಾಯಿನ್‌ಗೆ ಹಾಕಿರೋ ಡಿಜಿಟಲ್ ಬೀಗ ಯಾವ ಜಡ್ಜ್ ಮಾತೂ ಕೇಳಲ್ಲಮ್ಮ. ನಿಮ್ಮ ಯಜಮಾನ್ರ ಪಾಸ್‌ವರ್ಡಿನ ಹನ್ನೆರಡು ಇಂಗ್ಲಿಷ್ ಪದಕ್ಕೆ ಮಾತ್ರ ತೆರೆಯುತ್ತೆ. ಎಲ್ಲಾದ್ರೂ ಬರೆದಿಟ್ಟಿದ್ರಾ?"

ಆಗ ನೆನಪಾಯಿತು. ಬಡಗಿಯಲ್ಲವೇ, ಏನಿದ್ದರೂ ಪೆನ್ಸಿಲ್‌ನಲ್ಲಿ ಮರದ ಮೇಲೇ ಬರೆಯುತ್ತಿದ್ದರು. ಅರ್ಧಕ್ಕೆ ಬಿಟ್ಟುಹೋದ ಈ ಮೇಜಿನ ಅಡಿಯಲ್ಲಿ ಸಾಲಾಗಿ ಇಂಗ್ಲಿಷ್ ಪದಗಳಿದ್ದವು. ಅಣ್ಣನ ನೆನಪಿಗೆಂದು ಮೈದುನನೇ ಮೇಜು ಮುಗಿಸಿಕೊಟ್ಟಿದ್ದ, ಅಡಿಭಾಗವನ್ನೂ ಬಿಡದೆ ಮರಳುಕಾಗದದಿಂದ ಉಜ್ಜಿ.

ಸಂಜೆ ಬಂದವನೇ ಕೇಳಿದ, "ಅತ್ತಿಗೆ, ಕೋರ್ಟಲ್ಲಿ ಏನಾಯ್ತು?"

"ಎಲ್ಲಾ ನನ್ನ ಹೆಸರಿಗೇ ಬಂತು ಕಣಪ್ಪಾ."

ಸುಳ್ಳೇನಲ್ಲ. ಅವನು ಮೇಜು ಸವರಿ, "ಅಣ್ಣ ಇದ್ದಿದ್ರೂ ಇದ್ರಲ್ಲಿ ತಪ್ಪು ಹುಡುಕೋಕಾಗ್ತಿರ್ಲಿಲ್ಲ" ಎಂದು ನಕ್ಕ. ನಾನೂ ನಕ್ಕೆ.

ಅದರ ಮೇಲೆಯೇ ಬರೆಯುತ್ತಿದ್ದೇನೆ. ಎಡಗೈ ಅಡಿಯಲ್ಲಿ ತಡಕುತ್ತಲೇ ಇದೆ. ಎಷ್ಟು ನುಣುಪಾಗಿ ಉಜ್ಜಿದ್ದಾನೆ, ಪಾಪ.