ಸುಮನಕ್ಕನ ಎಡೆ

ಸೆಪ್ಟೆಂಬರ್ 7, ಭಾನುವಾರ

ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. ಮನ್ನಿಸಬೇಕು. ಯಾರು ಮನ್ನಿಸೋದು, ಯಾರೂ ಓದೋದಿಲ್ಲ. ಆದರೂ ಹೇಳಿಬಿಟ್ಟರೆ ಕೈ ಓಡುತ್ತೆ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಒತ್ತಕ್ಷರ ಎಲ್ಲಿ ಕೊಡಬೇಕು ಅಂತ ಈಗಲೂ ಅನುಮಾನ.

ಅಟ್ಟದ ಪಾತ್ರೆ ಎಲ್ಲ ಇಳಿಸಿ ಆಯ್ತು. ಹಂಡೆ, ಕೊಳಗ, ಹಿತ್ತಾಳೆ ಚೊಂಬು. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಉಗುರು ಕಪ್ಪಾಗಿದೆ. ಅತ್ತೆ ಜಗಲಿ ಮೇಲೆ ಕೂತು ಹೇಳುತ್ತಿದ್ದರು — "ಅದ್ರ ಕಂಠ ಉಜ್ಜವ್ವ, ಕಂಠ. ನಿಮ್ಮಾವ ಬಂದು ಮೊದ್ಲು ಅದ್ನೇ ನೋಡಾದು."

ಮಾವ ಮುನಿಶಾಮಯ್ಯ ತೀರಿಹೋಗಿ ಎಷ್ಟೋ ವರ್ಷ. ಆದರೆ ನಾಳೆಯಿಂದ ಪಿತೃಪಕ್ಷ. ಅಮಾವಾಸ್ಯೆ ದಿನ ಹಿರಿಯರು ಮನೆಗೆ ಬರುತ್ತಾರೆ. ಅವರಿಗೆ ಇಷ್ಟವಾದದ್ದೆಲ್ಲ ಎಡೆ ಇಟ್ಟು, ಬಾಗಿಲು ಹಾಕಿ, ಅವರು ಉಂಡು ಹೋಗೋ ತನಕ ನಾವು ಹೊರಗೆ ಕೂರಬೇಕು. ನಮ್ಮ ಸಾತನೂರಲ್ಲೂ ಹೀಗೇ. ಬೈರಾಪಟ್ಟಣಕ್ಕೆ ಸೊಸೆಯಾಗಿ ಬಂದ ಮೇಲೆ ಇದು ನನ್ನ ಮೊದಲ ಪಕ್ಷದ ಹಬ್ಬ.

ಈ ಸಲ ಎರಡು ಎಡೆ, ಎರಡೂ ನಾನೇ ಇಡಬೇಕಂತೆ. ಮಾವನಿಗೆ ಒಂದು. ಸುಮನಕ್ಕನಿಗೆ ಒಂದು.

ಸುಮನಕ್ಕ ಇವರ ಮೊದಲ ಹೆಂಡತಿ. ಡೆಂಗ್ಯೂ ಬಂದು ತೀರಿಕೊಂಡು ಎರಡು ವರ್ಷ. ಗೋಡೆ ಮೇಲಿನ ಫೋಟೋದಲ್ಲಿ ನಗು ತಡೆದುಕೊಂಡ ಹಾಗೆ ನಿಂತಿದ್ದಾಳೆ. ದಿನಾ ಬೆಳಿಗ್ಗೆ ಹೂ ಇಡುವಾಗ ಒಸಿ ನಾಚಿಕೆ ಆಗುತ್ತೆ. ಅವಳನ್ನ ಕೇಳದೆ ಅವಳ ಮನೆಗೆ ಬಂದವಳ ಹಾಗೆ.

ಸೆಪ್ಟೆಂಬರ್ 9

ಇವರಿಗೆ ಸೆಕೆಂಡ್ ಶಿಫ್ಟು. ಬಿಡದಿಗೆ ಹೊರಡುವಾಗ ಕೇಳಿದೆ.

"ಏನಿಷ್ಟ ಅವ್ರಿಗೆ?"

"ಯಾರ್ಗೆ?"

"ಅಕ್ಕಂಗೆ. ಎಡೆಗೆ…"

ಶೂ ಲೇಸು ಕಟ್ಟುತ್ತಿದ್ದರು. ಕಟ್ಟುತ್ತಲೇ ಇದ್ದರು. "ಎಲ್ಲಾ ತಿಂತಿದ್ಲು ಕಣೆ."

ಕಂಪನಿ ಬಸ್ಸು ಹಾರನ್ ಹಾಕಿತು. ಗೇಟಿನ ತನಕ ಹೋಗಿ ತಿರುಗಿದರು. "ಹಾಗಲಕಾಯಿ ತಿಂತಿರ್ಲಿಲ್ಲ."

ಇಷ್ಟ ಇಲ್ಲದ್ದೇ ನೆನಪಿರುತ್ತೆ ಗಂಡಸರಿಗೆ.

ಅತ್ತೆಯನ್ನ ಕೇಳಿದೆ. "ಹೋಳ್ಗೆ. ಹೋಳ್ಗೆ ಅಂದ್ರೆ ಸಾಕು, ಕೆಲ್ಸ ಬುಟ್ಟು ಬಂದು ಕೂರೋಳು ನನ್ ಪಕ್ಕ." ಅಂದವರು ಸೆರಗಲ್ಲಿ ಮೂಗು ಒರೆಸಿಕೊಂಡರು.

ಸೆಪ್ಟೆಂಬರ್ 13, ಶನಿವಾರ

ಕಂಬಳಿ, ರಗ್ಗು, ದುಪ್ಪಟಿ — ಎಲ್ಲ ಇವತ್ತು ತೊಟ್ಟಿ ಹತ್ತಿರ. ಸ್ಕೂಲಿಂದ ಬಂದವಳೇ ನವನೀತಾನೂ ಇಳಿದಳು ತುಳಿಯೋಕೆ. ಐದನೇ ಕ್ಲಾಸು ಅವಳು. ನಾನು ಎಲ್ಲಿ ನಿಲ್ಲಿಸಿದೆನೋ ಅಲ್ಲಿದ್ದಾಳೆ. ದೊಡ್ಡಮಳೂರಿನ ನವನೀತ ಕೃಷ್ಣನಿಗೆ ಸುಮನಕ್ಕ ತೊಟ್ಟಿಲು ಹರಕೆ ಹೊತ್ತ ಮೇಲೆ ಹುಟ್ಟಿದ ಮಗಳಂತೆ. ಅದಕ್ಕೇ ಆ ಹೆಸರು.

ನನ್ನನ್ನ ಅವಳು ಏನಂತಲೂ ಕರೆಯೋದಿಲ್ಲ. ಕರೆಯದೇನೇ ಮಾತಾಡೋದು ಕಲಿತುಬಿಟ್ಟಿದ್ದಾಳೆ.

"ನಿಮ್ಮಮ್ಮಂಗೆ ಹೋಳ್ಗೆ ಮಾಡ್ಬೇಕಲ್ವಾ" ಅಂದೆ.

"ನಮ್ಮಮ್ಮಂಗೆ ಹೋಳ್ಗೆ ಆಗ್ತಾನೇ ಇರ್ಲಿಲ್ಲ."

"ಮತ್ತೆ ಅಜ್ಜಿ ಹೇಳಿದ್ರು…"

"ಅಜ್ಜಿ ಬೇಜಾರ್ ಮಾಡ್ಕತದೆ ಅಂತ ಕೂರ್ತಿತ್ತು. ಆಮೇಲೆ ನನ್ ತಟ್ಟೆಗೆ ಹಾಕ್ಬುಡ್ತಿತ್ತು."

"ಹಂಗಾರೆ ಏನಿಷ್ಟ?"

"ಗೋಬಿ. ಚನ್ನಪಟ್ಟಣ ಬಸ್‌ಸ್ಟ್ಯಾಂಡ್ ಹತ್ರ ನಜೀರಣ್ಣನ ಗಾಡಿ ಐತಲ್ಲ, ಅಲ್ಲಿದು. ಆದ್ರೆ ಈಗ ಕಲರ್ ಹಾಕಂಗಿಲ್ಲ ಅಂತ ಗೌರ್ಮೆಂಟ್‌ನೋರು ಹೇಳವ್ರೆ. ಕೆಂಪಗೇ ಇರಲ್ಲ. ಅಮ್ಮಂಗೆ ಗೋಬಿ ಅಂತ ಗೊತ್ತೇ ಆಗಲ್ಲ."

ನನಗೆ ನಗು ಬಂತು. ಅವಳಿಗೂ ಬಂತು, ನುಂಗಿಕೊಂಡಳು. ನುಂಗಿಕೊಂಡಾಗ ಫೋಟೋದ ಮುಖವೇ.

ಆಮೇಲೆ ಕಂಬಳಿ ನೋಡುತ್ತಾ ಹೇಳಿದಳು. "ತಂದ್ರೂ ವೇಸ್ಟು. ಅಮ್ಮ ಇಲ್ಲಿಗ್ ಬರಲ್ಲ. ತಿಪ್ಪಸಂದ್ರಕ್ಕೇ ಬರೋದು, ಅಮ್ಮನ ಊರಿಗೆ, ಅಲ್ಲಿ ಅಜ್ಜಿ ಮನೆಗೆ. ದಸರಾ ರಜಾ ಕೊಟ್ ತಕ್ಷಣ ನಾನೂ ಅಲ್ಲಿಗೇ ಹೋಗ್ತೀನಿ."

ಹಿಂಡೋಕೆ ಒಂದು ತುದಿ ಅವಳಿಗೆ ಕೊಟ್ಟೆ. ಅವಳು ಆ ಕಡೆ ತಿರುವಿದಳು, ನಾನು ಈ ಕಡೆ. ನೀರು ಸುರಿಯಿತು.

ಯಾಕೆ ಬರಲ್ಲ ಅಂತ ಕೇಳಬೇಕಿತ್ತು. ನನಗೆ ಮಾತು ಬೇಗ ಬರೋದಿಲ್ಲ.

ಸೆಪ್ಟೆಂಬರ್ 16

ಗೋಬಿ ವಿಷಯ ಅತ್ತೆಗೆ ಹೇಳಿದೆ.

"ಎಡೆಗೆ ಗೋಬಿನಾ? ಊರೋರು ನಗಲ್ವಾ?"

ನೆಲ ನೋಡಿಕೊಂಡೇ ಹೇಳಿದೆ. "ಮಾವಂಗೆ ಕ್ವಾಟ್ರು ಇಡ್ತೀವಲ್ಲ ಅತ್ತೆ. ಬೀಡಿನೂವೆ."

ಬಯ್ಯುತ್ತಾರೆ ಅಂದುಕೊಂಡೆ. ನೋಡಿದರೆ ಭುಜ ಕುಣಿಯುತ್ತಿದೆ. "ಬಾಯಿಲ್ದೋಳು ಬಾಯಿಲ್ದೋಳು ಅಂತ ತಂದ್ಕಂಡ್ನಲ್ಲ ನಿನ್ನ. ಎಲ್ಲಿಟ್ಟಿದ್ದೆ ಇದ್ನ?"

ಹೋಳಿಗೆನೂ ಮಾಡ್ತಾರಂತೆ. ಮಾಡಲಿ. ಸುಮನಕ್ಕ ಇಷ್ಟು ವರ್ಷ ಹೇಳದೆ ಇಟ್ಟದ್ದನ್ನ ನಾನು ಯಾಕೆ ಹೇಳಲಿ.

ಸೆಪ್ಟೆಂಬರ್ 19, ಶುಕ್ರವಾರ ಸಂಜೆ

ರಜಾ ಕೊಟ್ಟರು. ಸುಮನಕ್ಕನ ಅಪ್ಪ ಗಂಗಹನುಮಯ್ಯನವರು ಟಿವಿಎಸ್ಸಲ್ಲಿ ಬಂದು ಮಗುವನ್ನ ಕರಕೊಂಡು ಹೋದರು. ಬ್ಯಾಗು ಮೊದಲೇ ರೆಡಿ ಮಾಡಿ ಬಾಗಿಲಲ್ಲಿ ಇಟ್ಟಿದ್ದಳು. ಇವರಿಗೆ ಟಾಟಾ ಮಾಡಿದಳು. ನನಗೂ ಮಾಡಿದ ಹಾಗಾಯ್ತು… ಗೊತ್ತಿಲ್ಲ.

ಅತ್ತೆ ಊಟಕ್ಕೆ ಕೂರಲಿಲ್ಲ. "ಮಗು ಇಲ್ದಿರೋ ಮನೆಗೆ ಅವ್ಳಾದ್ರೂ ಎಂಗ್ ಬತ್ತಾಳವ್ವ? ಸುಮ್ಕೆ ಎಡೆ ಇಡಾದು ಅಷ್ಟೇಯ."

ಇವರು "ರಜಾ ಅಲ್ವಾ ಅವ್ವ, ಹೋಗ್ಲಿ ಬುಡು" ಅಂದರು. ಅಂದು ಗೋಡೆ ಕಡೆ ತಿರುಗಿ ಮಲಗಿದರು.

ಸುಣ್ಣ ಬಳಿದ ಮನೆ. ಬೆಳ್ಳಗಿದೆ. ಬಿಕೋ ಅಂತಿದೆ.

ಸೆಪ್ಟೆಂಬರ್ 20, ಶನಿವಾರ

ತಿಪ್ಪಸಂದ್ರಕ್ಕೆ ಹೋಗಿ ಬಂದೆ. ನಾನೇ. ಒಬ್ಬಳೇ.

ನಾಳೆ ಹಬ್ಬ ಇಟ್ಟುಕೊಂಡು ಎಲ್ಲಿಗೆ ಅಂತ ಅತ್ತೆ ಕೇಳಲಿಲ್ಲ. "ನಾನ್ ಹಿಟ್ಟು ನಾದ್ಕತೀನಿ, ಹೋಗ್ಬಾ" ಅಂದರು. ಚನ್ನಪಟ್ಟಣ, ರಾಮನಗರ, ಮಾಗಡಿ — ಎಲ್ಲ ಬಸ್ಸಲ್ಲೂ ಆಧಾರ್ ಕಾರ್ಡು ಕೈಯಲ್ಲೇ ಹಿಡಿದು ಕೂತಿದ್ದೆ. ಇಳಿಯೋ ಜಾಗ ಕೇಳೋಕೆ ನಾಚಿಕೆಯಾಗಿ ಒಂದು ಸ್ಟಾಪು ಮುಂದೆ ಹೋಗಿಬಿಟ್ಟೆ. ನಡೆದು ಬಂದೆ.

ಬಾಗಿಲಲ್ಲಿ ಸುಮನಕ್ಕನ ಅಮ್ಮ ಕಾಳು ಹಸನು ಮಾಡುತ್ತಿದ್ದರು. ನಾನು ಯಾರು ಅಂತ ಹೇಳೋಕೆ ಬಾಯಿ ಬರಲಿಲ್ಲ. ಅವರೇ ಎದ್ದರು. "ಬಾ ಮಗ. ನಮ್ ಸುಮನನ ಜಾಗಕ್ಕೆ ಬಂದೋಳು, ನೀನೂ ನನ್ ಮಗಳೇಯ. ತಲೆ ಎತ್ತವ್ವ, ಮೊಕ ನೋಡಾಣ." ಮಜ್ಜಿಗೆ ಕೊಟ್ಟರು. ಕುಡಿಯದೇ ಲೋಟ ಹಿಡಿದುಕೊಂಡೇ ಕೂತೆ.

ನವನೀತಾ ಹಿತ್ತಲಲ್ಲಿದ್ದಳು. ಕಲ್ಲಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು.

"ಅಮ್ಮ ಯಾಕೆ ನಮ್ಮನೆಗೆ ಬರಲ್ಲ?" — ಈ ಸಲ ಕೇಳಿಬಿಟ್ಟೆ.

ಕಾಲು ಆಡಿಸೋದು ನಿಲ್ಲಿಸಿದಳು. ಆಮೇಲೆ, "ಮನೇಲೆಲ್ಲ ನಿಮ್ದೇ ಐತೆ" ಅಂದಳು. "ಕನ್ನಡಿ ಹತ್ರ ನಿಮ್ ಬಾಚಣಿಗೆ. ತಂತಿ ಮೇಲೆ ನಿಮ್ ನೈಟಿ. ಅಮ್ಮ ಒಳಗ್ ಬಂದು ನೋಡಿ, ಬೇರೆಯೋರ ಮನೆ ಅನ್ಕಂಡು ವಾಪಸ್ ಹೋಗ್ಬುಡ್ತದೆ."

ಬಯ್ಯುತ್ತಿರಲಿಲ್ಲ ಅವಳು. ಅವಳ ಅಮ್ಮ ಬಾಗಿಲಲ್ಲಿ ನಿಂತು ದಾರಿ ತಪ್ಪಿದೆ ಅಂದುಕೊಳ್ಳೋದನ್ನ ನೋಡುತ್ತಿದ್ದಳು, ಅಷ್ಟೇ. ಅವಳು ಹೇಳಿದ ಮೇಲೆ ನನಗೂ ಕಾಣಿಸಿತು.

"ಹಂಗಾರೆ ನನ್ನವೆಲ್ಲ ತೆಗ್ದು ಹೊರಗಿಡ್ತೀನಿ. ಅಮ್ಮ ಉಂಡು ಹೋಗೋಗಂಟ."

"ಎಲ್ಲಾನೂ?"

"ಎಲ್ಲಾನೂ."

"ಚಪ್ಲಿ?"

"ಚಪ್ಲಿನೂವೆ."

ಬತ್ತೀನಿ ಅನ್ನಲಿಲ್ಲ. ನಾನೂ ಬಾ ಅನ್ನಲಿಲ್ಲ. ಅವಳಜ್ಜಿ ಅರಿಶಿನ ಕುಂಕುಮ ಕೊಟ್ಟು, ಮಡಿಲಿಗೆ ತೆಂಗಿನಕಾಯಿ ಹಾಕಿ ಕಳಿಸಿದರು.

ಬಂದವಳೇ ದೊಡ್ಡ ಬ್ಯಾಗು ಹಿಡಿದು ಮನೆ ಸುತ್ತಿದೆ. ಬಾಚಣಿಗೆ, ಕ್ಲಿಪ್ಪು, ಸೀರೆಗಳು, ಬ್ರಶ್ಶು, ಅಡುಗೆ ಮನೆ ಕಿಟಕಿಯಲ್ಲಿ ಬಿಚ್ಚಿಟ್ಟ ಬಳೆ, ದೇವರ ಗೂಡಲ್ಲಿ ನಮ್ಮ ಕಬ್ಬಾಳಮ್ಮನ ಪುಟ್ಟ ಪಟ. ಐದು ತಿಂಗಳಲ್ಲಿ ಎಷ್ಟೊಂದು ಕಡೆ ಸೇರಿಕೊಂಡಿದ್ದೇನೆ. ಮೊದಮೊದಲು ಬೇಜಾರಾಯ್ತು. ಆಮೇಲೆ ಒಂಥರಾ ಸಮಾಧಾನ. ಮನೆಗೆ ನೆಂಟರು ಬಂದರೆ ನಮ್ಮ ಹಾಸಿಗೆ ಎತ್ತಿ ಜಾಗ ಮಾಡೋದಿಲ್ಲವಾ, ಹಾಗೆ.

ಮದುವೆ ಫೋಟೋ ತೆಗೆಯೋಕೆ ನನಗೆ ಎಟುಕಲಿಲ್ಲ. ಇವರು ಬಂದು ಮೊಳೆಯಿಂದ ಇಳಿಸಿದರು. ತಮ್ಮ ಟವಲಲ್ಲಿ ಸುತ್ತಿ ಬ್ಯಾಗಿಗೆ ಹಾಕಿದರು.

ಸೆಪ್ಟೆಂಬರ್ 21, ಅಮಾವಾಸ್ಯೆ

ಕಾಲು ನೋವು. ಆದರೂ ಬರೆಯಬೇಕು.

ಮಾವನ ಎಡೆಗೆ ಮುದ್ದೆ, ಮಟನ್ ಸಾರು, ಪಂಚೆ, ಕ್ವಾಟ್ರು, ಬೀಡಿ ಕಟ್ಟು. ಅಕ್ಕನ ಎಡೆಗೆ ಹಸಿರು ಸೀರೆ, ಬಳೆ, ಹೂ, ಕಜ್ಜಾಯ, ಅತ್ತೆಯ ಹೋಳಿಗೆ. ನಜೀರಣ್ಣನ ಗೋಬಿ ಇವರು ಬಿಸಿಬಿಸಿ ತಂದರು. ನಿಜವಾಗಿ ಕೆಂಪಗಿಲ್ಲ.

ಬಾಗಿಲು ಎಳೆಯಬೇಕು ಅನ್ನುವಾಗ ಟಿವಿಎಸ್ ಸದ್ದು. ನವನೀತಾ ಇಳಿದಳು. ಗಂಗಹನುಮಯ್ಯನವರು ತಲೆ ಕೆರೆದುಕೊಂಡರು. "ಒಂದ್ಸಲ ನೋಡ್ಕಂಡ್ ಬತ್ತೀನಿ ಅಂತ ಬೆಳಿಗ್ಗೆಯಿಂದ ಒಂದೇ ಹಟ."

ನೋಡಿದಳು. ಒಂದೊಂದು ರೂಮೂ ನೋಡಿದಳು. ಕನ್ನಡಿ, ತಂತಿ, ಚಪ್ಪಲಿ ಬಿಡೋ ಜಾಗ. ಬಚ್ಚಲ ಬಾಗಿಲ ಹಿಂದೆ ನನ್ನ ರಬ್ಬರ್ ಬ್ಯಾಂಡು ಸಿಕ್ಕಿತು, ಕೂದಲು ಸಮೇತ. ಎರಡು ಬೆರಳಲ್ಲಿ ಹಿಡಿದು ತಂದು ಕೊಟ್ಟಳು. ಬ್ಯಾಗಿಗೆ ಹಾಕಿದೆ.

ಬಾಗಿಲು ಹಾಕಿ ಎಲ್ಲ ಜಗಲಿ ಮೇಲೆ ಕೂತೆವು. ನನ್ನ ಬ್ಯಾಗು ಪಕ್ಕದಲ್ಲಿ. ಬ್ಯಾಗಿನ ಆಚೆ ನವನೀತಾ.

"ನಿಮ್ಮಮ್ಮಂಗೆ ಯಾರ್ ಎಡೆ ಇಡ್ತಾರೆ?" ಮೆಲ್ಲಗೆ ಕೇಳಿದಳು.

"ಸಾತನೂರಲ್ಲಿ ನಮ್ಮಣ್ಣ."

"ಅವ್ರಿಗ್ ಏನಿಷ್ಟ?"

"ಗೊತ್ತಿಲ್ಲ ಕಣವ್ವ. ಅವ್ವ ಹೋದಾಗ ನಾನೂ ನಿನ್ನಷ್ಟೇ ಇದ್ದೆ. ಕೇಳಿಟ್ಕಳ್ಳಿಲ್ಲ."

ಅವಳು ಬ್ಯಾಗನ್ನ ಎತ್ತಿ ಆ ಪಕ್ಕಕ್ಕೆ ಇಟ್ಟಳು. ಇಟ್ಟು ಇತ್ತ ಸರಿದು ಕೂತಳು.

ಅತ್ತೆ ಕೆಮ್ಮಿ, ಬಾಗಿಲು ತಟ್ಟಿ, ತೆಗೆದರು. ಮಗುವೇ ಮೊದಲು ಒಳಗೆ ಓಡಿತು. ಎಡೆ ಮುಂದೆ ಬಗ್ಗಿ ನೋಡಿತು.

"ಗೋಬಿ ಒಂದ್ ಪೀಸ್ ಕಮ್ಮಿ ಐತೆ."

"ಹೂಂ ಕಣವ್ವ, ತಿಂದವ್ಳೆ" ಅಂದರು ಅತ್ತೆ. ಇವರು ತಿರುಗಿ ಹೊರಗೆ ಹೋದರು. ಮುಖ ತೊಳೆಯೋ ಸದ್ದು ಕೇಳಿಸಿತು.

ನವನೀತಾ ನನ್ನ ಕಿವಿ ಹತ್ತಿರ ಬಂದಳು. "ಹೋಳ್ಗೆ ಹಂಗೇ ಐತೆ. ಅಜ್ಜಿಗ್ ಹೇಳ್ಬೇಡಿ."

ಸೆಪ್ಟೆಂಬರ್ 22, ಬೆಳಿಗ್ಗೆ

ಹಾಲು ಒಲೆ ಮೇಲಿಟ್ಟು ಇಲ್ಲೇ ಬರೀತಿದ್ದೇನೆ. ನಿನ್ನೆ ಸುಸ್ತಾಗಿ ಬ್ಯಾಗು ಬಿಚ್ಚಿರಲಿಲ್ಲ. ತಾತನ ಜೊತೆ ವಾಪಸ್ ಹೋಗದೆ ಉಳಿದುಬಿಟ್ಟಳು ಮಗಳು. ಈಗ ಎದ್ದು ನೋಡಿದರೆ ನಡುಮನೆಯಲ್ಲಿ ಬ್ಯಾಗು ಬಿಚ್ಚಿ ಹರಡಿಕೊಂಡು ಕೂತಿದ್ದಾಳೆ. ಬಾಚಣಿಗೆ ಕನ್ನಡಿ ಹತ್ತಿರ ಇಟ್ಟಾಯ್ತು. ಚಪ್ಪಲಿ ಬಾಗಿಲಿಗೆ ಹೋಯ್ತು. "ಇದೆಲ್ಲಿ?" ಅಂತ ಬ್ರಶ್ಶು ಹಿಡಿದು ತಂದಳು. ಎಲ್ಲಾದ್ರೂ ಇಡು ಅಂದೆ. ತನ್ನ ಲೋಟಕ್ಕೇ ಹಾಕಿಕೊಂಡಳು.

ಇನ್ನು ಮದುವೆ ಫೋಟೋ ಒಂದೇ. ಕುರ್ಚಿ ಎಳೆಯೋ ಸದ್ದು… ಮೊಳೆ ಅವಳಿಗೂ ಎಟುಕೋದಿಲ್ಲ, ಹೋಗಿ ಕುರ್ಚಿನಾದ್ರೂ ಹಿಡಿದು—