ಅರ್ಲೀನಳ ಓಟು

ಚುನಾವಣಾಧಿಕಾರಿ ಹ್ಯಾಡ್ಲಿಯವರಿಗೆ,

ನನ್ನ ಹೆಂಡತಿ ಅರ್ಲೀನ್ ಅಂಚೆಯಲ್ಲಿ ಓಟು ಕಳಿಸಿ, ಮತದಾನದ ದಿನಕ್ಕೆ ಮೊದಲೇ ತೀರಿಕೊಂಡಳು. ಅಂಥ ಓಟು ನಮ್ಮ ರಾಜ್ಯದಲ್ಲಿ ಲೆಕ್ಕಕ್ಕಿಲ್ಲವೆಂದು ನಿಮ್ಮ ಕಚೇರಿಯವರು ಹೇಳಿದರು. ನದಿಯಾಚೆ, ಅವಳ ತಂಗಿಯಿರುವ ರಾಜ್ಯದಲ್ಲಾಗಿದ್ದರೆ ಎಣಿಸುತ್ತಿದ್ದರಂತೆ. ಸತ್ತವರ ಹೆಸರಲ್ಲಿ ಕಳ್ಳ ಓಟು ಬೀಳುತ್ತದೆನ್ನುವ ಟಿವಿಯವರ ಮಾತು ಕೇಳಿಕೊಂಡು ಪಕ್ಕದ ಮನೆಯ ಡ್ವೇನ್ ಬೇರೆ, "ಏನಪ್ಪಾ ವೆಂಡೆಲ್, ಸತ್ತೋರ ಕೈಲೂ ಓಟು ಹಾಕಿಸ್ತೀಯಂತೆ!" ಅನ್ನುತ್ತಾನೆ.

ಬಂದೂಕು ಇಟ್ಟುಕೊಳ್ಳುವ ಹಕ್ಕಿಗಾಗಿ ಹೋರಾಡುವ ಸಂಘದವರು ಹೇಳಿದವರಿಗೇ ನಾನು ಓಟು ಹಾಕುವವನು. ಮದುವೆಯಾದಾಗಿನಿಂದ ಅವಳು ಹಟ ಹಿಡಿದು ಎದುರಾಳಿಗೇ ಹಾಕುತ್ತಿದ್ದಳು. ಪ್ರತಿ ಸಲವೂ "ನಿಂದನ್ನ ಹೊಡೆದುಹಾಕ್ದೆ, ಬಾ, ಕಾಫಿ ಕುಡಿ" ಎಂದು ನಗುತ್ತಿದ್ದಳು.

ಅವಳದನ್ನು ಎಣಿಸಲಾಗದಿದ್ದರೆ ದಯವಿಟ್ಟು ನನ್ನದನ್ನೂ ತೆಗೆದುಬಿಡಿ. ಅವಳು ಎದುರಿಗಿಲ್ಲದೆ ಗೆದ್ದು ನನಗೆ ಅಭ್ಯಾಸವಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ವೆಂಡೆಲ್ ಕ್ರೌಸ್